ಅಜ್ಜಿ ಬೊಂಬೆಯ ಹೊಟ್ಟೆಯಲ್ಲಿ ಒಂಬತ್ತು ಮಾತ್ರೆ

ಪಕ್ಕದ ಮನೆಯ ಕೂಸು ಗಿಲಕಿ ಆಡಿಸಿದರೆ ನನ್ನ ಎರಡೂ ಕೈ ತಾವಾಗಿಯೇ ಮೇಲೇಳುತ್ತವೆ. ಮೊನ್ನೆ ಜಗುಲಿಯ ಮೇಲೆ ಪೇಪರ್ ಓದುತ್ತ ಕೂತಿದ್ದಾಗ ಹಾಗೇ ಆಯಿತು. ಪಕ್ಕದ ಮನೆಯಿಂದ ಗಲಗಲ ಸದ್ದು ಬಂತು, ನಾನು ಪೇಪರ್ ಕೆಳಗೆ ಹಾಕಿ ಶರಣಾದೆ. ಹಾಲು ಹಾಕಲು ಬಂದವನು ಗೇಟಿನಲ್ಲೇ ನಿಂತು, "ಏನ್ ಸಾರ್, ಯೋಗಾನಾ?" ಅಂದ. ಹೌದಪ್ಪ ಅಂದುಬಿಟ್ಟೆ. ಗಿಲಕಿಗೆ ಹೆದರುವ ಕಾಲೇಜು ಮೇಷ್ಟರು ಎನ್ನಿಸಿಕೊಳ್ಳುವುದಕ್ಕಿಂತ ಯೋಗ ಮಾಡುವ ಮೇಷ್ಟರು ಎನ್ನಿಸಿಕೊಳ್ಳುವುದು ವಾಸಿ.

ಚನ್ನಪಟ್ಟಣದಲ್ಲಿ ಮನೆ ಮಾಡಿಕೊಂಡು ಗಿಲಕಿಗೆ ಹೆದರುವುದೆಂದರೆ ಸಮುದ್ರದ ದಂಡೆಯಲ್ಲಿದ್ದು ಉಪ್ಪಿಗೆ ಹೆದರಿದ ಹಾಗೆ. ಇಲ್ಲಿ ಬೀದಿಗೆ ನಾಲ್ಕು ಬೊಂಬೆ ಅಂಗಡಿ. ಪ್ರತಿ ಅಂಗಡಿಯ ಮುಂದೆಯೂ ಬಣ್ಣದ ಗಿಲಕಿಗಳ ಗೊಂಚಲು. ಗಾಳಿ ಬೀಸಿದರೆ ನನ್ನ ಪಾಡು ದೇವರಿಗೇ ಪ್ರೀತಿ. ಸಂಜೆ ಪೇಟೆಗೆ ಹೋಗುವಾಗ ಎರಡು ಕೈಚೀಲ ಹಿಡಿದುಕೊಂಡು ಹೋಗುತ್ತೇನೆ. ತರಕಾರಿಗಲ್ಲ, ಕೈಗಳು ಕೆಳಗೇ ಇರಲಿ ಎಂದು.

ಇಷ್ಟಕ್ಕೆಲ್ಲ ಕಾರಣ ನಾನು ಆಡಿದ ಒಂದೇ ಮಾತು. ಅದನ್ನು ಹೇಳುವ ಮೊದಲು ಅನ್ವರನ ಪರಿಚಯ ಮಾಡಿಕೊಡಬೇಕು. ಅನ್ವರ್ ನಾನು ಹೈಸ್ಕೂಲಿನಲ್ಲಿ ಒಂದೇ ಬೆಂಚು. ನಾನು ಓದಿ ರಾಮನಗರದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನಾದೆ. ಅವನು ಅಪ್ಪನ ಕಸುಬು ಹಿಡಿದು ಬೊಂಬೆ ಮಾಡುವವನಾದ. ಮೂವತ್ತು ವರ್ಷದಿಂದ ನಾನು ಹೇಳಿದ ಅರ್ಥಶಾಸ್ತ್ರದಲ್ಲಿ ಯಾರಿಗೂ ಏನೂ ನೆನಪಿಲ್ಲ. ಅವನು ಮಾಡಿದ ಬೊಂಬೆಗಳನ್ನು ಎಷ್ಟೋ ಕೂಸುಗಳು ಕಚ್ಚಿ ಹಲ್ಲು ಬರಿಸಿಕೊಂಡಿವೆ. ಕಡೆಯುವ ಯಂತ್ರದಲ್ಲಿ ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸುವುದನ್ನು ನೋಡಲು ಚೆಂದ. ಆದರೆ ಅಷ್ಟು ವರ್ಷ ಬಗ್ಗಿ ಕೂತು ಒತ್ತಿದ್ದಕ್ಕೆ ಅವನ ಬೆನ್ನು ಹಿಡಿದುಕೊಂಡಿತ್ತು. ಕೂತರೆ ಏಳಲಾಗದು, ಎದ್ದರೆ ಬಗ್ಗಲಾಗದು. ಊರಿನ ಡಾಕ್ಟರು ಬೇರೆಲ್ಲ ಮಾಡಿ ನೋಡಿ, ಕೊನೆಗೆ ನೋವಿನದೊಂದು ಗಟ್ಟಿ ಮಾತ್ರೆ ಬರೆದುಕೊಟ್ಟಿದ್ದರು. ಬೆಳಿಗ್ಗೆ ಒಂದು, ರಾತ್ರಿ ಒಂದು. ಅದರ ಹೆಸರು ನನಗೀಗ ಕನಸಿನಲ್ಲೂ ಬರುತ್ತದೆ, ಬರೆಯುವ ಧೈರ್ಯ ಮಾತ್ರ ಇಲ್ಲ. ಅನ್ವರ್ ಅದನ್ನು 'ಬೆನ್ನಿಂದು' ಎಂದು ಕರೆಯುತ್ತಿದ್ದ. ಮೆಡಿಕಲ್ ಶಾಪಿನವನಿಗೂ ಅಷ್ಟೇ ಸಾಕಾಗಿತ್ತು.

ಹೋದ ವರ್ಷ ಕೊಲ್ಲಿಯ ಒಂದು ದೇಶದಲ್ಲಿ ಕರಕುಶಲ ವಸ್ತುಗಳ ಪ್ರದರ್ಶನಕ್ಕೆ ಅವನಿಗೆ ಕರೆ ಬಂತು. ಐದು ದಿನ. ಜೊತೆಗೊಬ್ಬರನ್ನು ಕರೆತರಬಹುದು ಎಂದಿದ್ದರು. ದೇಶದ ಹೆಸರನ್ನೂ ಹೇಳುವುದಿಲ್ಲ. ಈ ಬರಹ ಅಲ್ಲಿಯವರ ಕಣ್ಣಿಗೆ ಬಿದ್ದು, 'ಓ, ಆ ಮೇಷ್ಟ್ರು ಇನ್ನೂ ಬದುಕಿದ್ದಾನೋ' ಎಂದು ಅವರಿಗೆ ನೆನಪಾಗುವುದು ನನಗೆ ಬೇಡ. ಇಂಗ್ಲಿಷ್ ಬರುತ್ತದೆಂಬ ಒಂದೇ ಅರ್ಹತೆಯ ಮೇಲೆ ಅನ್ವರ್ ನನ್ನನ್ನು ಹೊರಡಿಸಿದ. ನಾನೂ ಗತ್ತಿನಿಂದಲೇ ಜವಾಬ್ದಾರಿ ವಹಿಸಿಕೊಂಡೆ. ವೀಸಾ ಅರ್ಜಿ ತುಂಬಿದೆ, ಟಿಕೆಟ್ ಮಾಡಿಸಿದೆ, ಸಾಮಾನು ಪರೀಕ್ಷೆ ಮಾಡಿದೆ. ಅವನ ಹೆಂಡತಿ ಶಮೀಮ್ ಕಟ್ಟಿಕೊಟ್ಟ ಮಸಾಲೆ ಪುಡಿಯ ಡಬ್ಬಿ ಕಂಡಾಗ ಒಬ್ಬ ಪತ್ತೇದಾರನ ಹಾಗೆ ಕೇಳಿದೆ: "ಇದರಲ್ಲಿ ಗಸಗಸೆ ಐತಾ?"

"ಐತೆ ಅಣ್ಣಾ, ಇಲ್ದೆ ಇದ್ರೆ ರುಚಿ ಬರಲ್ವಲ್ಲ," ಅಂದಳು ಶಮೀಮ್.

"ತೆಗಿ, ತೆಗಿ. ಆ ಕಡೆ ಗಸಗಸೆ ಸಿಕ್ಕಿದ್ರೆ ಹಿಡೀತಾರೆ. ಅಫೀಮಿನ ಗಿಡದ್ದು ಅದು."

ಶಮೀಮ್ ಬೆರಗಾಗಿ ನೋಡಿದಳು. ಗಸಗಸೆ ಪಾಯಸ ಕುಡಿದು ಮದುವೆ ಮನೆಯ ಚಾಪೆಯ ಮೇಲೆ ಗೊರಕೆ ಹೊಡೆದ ನಮ್ಮ ಹಿರಿಯರೆಲ್ಲ ಅವಳಿಗೆ ಕಳ್ಳರ ಹಾಗೆ ಕಂಡಿರಬೇಕು. ನಾನಂತೂ ಎದೆ ಉಬ್ಬಿಸಿದೆ. ಅದೇ ಹೊತ್ತಿಗೆ ಅನ್ವರ್ ಗೋಡೆಗೆ ಒರಗಿ ನಿಂತವನು ಕೇಳಿದ: "ಲೇ, ನನ್ ಬೆನ್ನಿಂದು ಮಾತ್ರೆ ತಗಂಡೋಗ್ಬೋದೇನ್ಲಾ?"

"ಮಾತ್ರೆ ತಾನೆ," ಅಂದೆ ನಾನು. "ಏನಾಗಲ್ಲ ಕಣ್ಲಾ."

ಇದೇ ಆ ಮಾತು. ಗಸಗಸೆಯನ್ನು ಹಿಡಿದು ಗುಂಡುಕಲ್ಲನ್ನು ಬಿಟ್ಟೆ.

'ಏನಾಗಲ್ಲ ಕಣ್ಲಾ' ಎಂಬುದು ನಮ್ಮ ಸೀಮೆಯ ಅತಿ ದೊಡ್ಡ ಶಾಸ್ತ್ರ. ರಾಮನಗರದಿಂದ ಮಾಗಡಿಯವರೆಗೆ, ಕನಕಪುರದಿಂದ ಮರಳವಾಡಿಯವರೆಗೆ ಜನ ಬದುಕುತ್ತಿರುವುದೇ ಇದರ ಮೇಲೆ. ಬೈಕಿನಲ್ಲಿ ನಾಲ್ಕನೆಯವನು ಹತ್ತಬಹುದೇ? ಏನಾಗಲ್ಲ. ಹೋದ ವಾರದ ಉಪ್ಪಿನಕಾಯಿ ಮೇಲೆ ಬೂಸ್ಟು ಬಂದಿದೆ, ತಿನ್ನಬಹುದೇ? ಒಸಿ ಪಕ್ಕಕ್ಕೆ ಸರಿಸು, ಏನಾಗಲ್ಲ. ಇದರ ಸೊಗಸೆಂದರೆ ಹೇಳುವವನಿಗೆ ಏನೂ ಗೊತ್ತಿರಬೇಕಾಗಿಲ್ಲ. ಗೊತ್ತಿದ್ದವನು 'ನೋಡಿ ಹೇಳ್ತೀನಿ' ಅನ್ನುತ್ತಾನೆ, ಅಂಥವನನ್ನು ನಾವು ಸ್ನೇಹಿತ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮತ್ತೆ ನೂರಕ್ಕೆ ತೊಂಬತ್ತೊಂಬತ್ತು ಸಲ ನಿಜವಾಗಿಯೂ ಏನೂ ಆಗುವುದಿಲ್ಲ. ಉಳಿದ ಒಂದು ಸಲಕ್ಕೆ ನಾನು ಪಾಸ್‌ಪೋರ್ಟ್ ಮಾಡಿಸಿಕೊಂಡು ಹೋಗಿದ್ದೆ.

ಮುಂದಿನ ಅನಾಹುತ ಚನ್ನಪಟ್ಟಣದವರು ಮಾತ್ರ ಮಾಡಬಹುದಾದದ್ದು. ಅನ್ವರನ ಮನೆಯಲ್ಲಿ ಎಲ್ಲವೂ ಇರುವುದು ಬಣ್ಣದ ಮರದ ಡಬ್ಬಿಯಲ್ಲಿ. ಸಕ್ಕರೆಗೊಂದು, ಅಡಿಕೆಗೊಂದು, ಗುಂಡಿ-ಸೂಜಿಗೊಂದು. ಹಾಗಾಗಿ ಮಾತ್ರೆಗೂ ಒಂದು ಎಂದು ಅವನಿಗೆ ತೋಚಿದ್ದು ಸಹಜ. ಮಾತ್ರೆಯ ತಗಡು ಜೇಬಿನಲ್ಲಿ ಚುಚ್ಚುತ್ತದೆಂದು ಹತ್ತನ್ನೂ ಬಿಡಿಸಿ, ಪ್ರದರ್ಶನಕ್ಕೆಂದು ಮಾಡಿದ್ದ ಹೊಸ ಮಾದರಿಯ ಅಜ್ಜಿ ಬೊಂಬೆಯೊಂದರೊಳಗೆ ಹಾಕಿದ. ಕೆಂಪು ಸೀರೆಯ ದುಂಡನೆಯ ಅಜ್ಜಿ. ತಲೆ ತಿರುಗಿಸಿದರೆ ಮುಚ್ಚಳದ ಹಾಗೆ ಬಿಚ್ಚಿಕೊಂಡು ಬರುತ್ತದೆ, ಹೊಟ್ಟೆ ಟೊಳ್ಳು. ಕೈಚೀಲದಲ್ಲಿ ಅಂಥ ಅಜ್ಜಿಯರು ಆರು ಜನ ಇದ್ದರು. ಒಬ್ಬಳು ಮಾತ್ರ ಗರ್ಭಿಣಿ. ಇದು ನನಗೆ ಗೊತ್ತಿರಲಿಲ್ಲ.

ಬೆಂಗಳೂರಿನಲ್ಲಿ ಏನೂ ಆಗಲಿಲ್ಲ. ವಿಮಾನ ಹತ್ತುವ ಮುಂಚೆ ಅನ್ವರ್ ಪಾಯಖಾನೆಗೆ ಹೋಗಿ ಬಂದು ನೀರು ಕುಡಿದ. ಒಂದು ಮಾತ್ರೆ ನುಂಗಿದ್ದನೆಂದು ನನಗೆ ತಿಳಿದದ್ದು ಆಮೇಲೆ. ಮಧ್ಯಾಹ್ನದ ಹೊತ್ತಿಗೆ ಇಳಿದೆವು. ಅಲ್ಲಿಯ ವಿಮಾನ ನಿಲ್ದಾಣ ಎಷ್ಟು ನುಣುಪಾಗಿತ್ತೆಂದರೆ, ನೆಲ ನೋಡಿದ ಅನ್ವರ್, "ಇದಕ್ಕೆ ಯಾವನ್ಲಾ ಅರಗು ಹೊಡ್ದವ್ನೆ?" ಅಂದ. ಅದು ನಾವು ನಕ್ಕ ಕೊನೆಯ ನಗು.

ಕಸ್ಟಮ್ಸಿನ ಅಧಿಕಾರಿ ಎಳೆಯ ವಯಸ್ಸಿನವನು, ಸಭ್ಯ. ಬೊಂಬೆಗಳನ್ನು ಒಂದೊಂದಾಗಿ ಎತ್ತಿ ಕಿವಿಯ ಹತ್ತಿರ ಆಡಿಸಿ ನೋಡಿದ. ಐದು ಅಜ್ಜಿಯರು ಸುಮ್ಮನಿದ್ದರು. ಆರನೆಯವಳು ಗಲಗಲ ಅಂದಳು.

"ಇದೇನು ಸದ್ದು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಅನ್ವರ್ ಬಾಯಿ ತೆರೆಯುವುದರೊಳಗೆ ನಾನು ಮುಂದೆ ಬಂದೆ. ನನ್ನನ್ನು ಕರೆದುಕೊಂಡು ಬಂದದ್ದೇ ಅದಕ್ಕಲ್ಲವೇ? "ಅದು ಗಿಲಕಿ, ಸಾರ್," ಅಂದೆ. "ಮಕ್ಕಳ ಆಟಿಕೆ. ಒಳಗೆ ಸಣ್ಣ ಕಲ್ಲುಗಳಿರುತ್ತವೆ. ನಮ್ಮ ಊರಿನ ಇನ್ನೂರು ವರ್ಷಗಳ ಪರಂಪರೆ." ಇನ್ನೂರು ಎಂಬುದನ್ನು ಭಾರಕ್ಕಾಗಿ ಸೇರಿಸಿದೆ.

ಅವನು ಅಜ್ಜಿಯ ತಲೆ ತಿರುಗಿಸಿದ. ನಮ್ಮ ಪರಂಪರೆ ಟೇಬಲ್ಲಿನ ಮೇಲೆ ಉರುಳಿತು. ಬಿಳಿಯದು, ದುಂಡಗಿನದು, ಒಂಬತ್ತು.

ನಾನು ಅನ್ವರನನ್ನು ನೋಡಿದೆ. ಅನ್ವರ್ ನಿರಾಳವಾಗಿ, "ನನ್ ಬೆನ್ನಿಂದು," ಅಂದ.

ಯಾವುದೇ ದೇಶದ ಅಧಿಕಾರಿಯ ಜಾಗದಲ್ಲಿ ನಿಂತು ಯೋಚಿಸಿ. ಮಕ್ಕಳ ಬೊಂಬೆ. ಅದರ ಹೊಟ್ಟೆಯೊಳಗೆ ಹೆಸರಿಲ್ಲದ, ತಗಡಿಲ್ಲದ ಮಾತ್ರೆಗಳು. ಪಕ್ಕದಲ್ಲಿ ಅದನ್ನು ಕಲ್ಲು ಎಂದು ಸಾಧಿಸಿದ ಒಬ್ಬ ಕನ್ನಡಕದ ಮನುಷ್ಯ. ನಾನೇ ಆ ಅಧಿಕಾರಿಯಾಗಿದ್ದರೆ ನನ್ನನ್ನು ಮೊದಲು ಹಿಡಿಯುತ್ತಿದ್ದೆ. ಅವನು ಯಾವುದೋ ಗುಂಡಿ ಒತ್ತಿದ. ಇಬ್ಬರು ಬಂದರು. ನನ್ನ ಕೈಗಳು ಮೊದಲ ಸಲ ತಾವಾಗಿಯೇ ಮೇಲೆದ್ದದ್ದು ಆಗಲೇ. ಎತ್ತು ಅಂತ ಯಾರೂ ಹೇಳಿರಲಿಲ್ಲ.

ಒಂದು ಕೋಣೆಯಲ್ಲಿ ಕೂರಿಸಿದರು. ಸ್ವಲ್ಪ ಹಿರಿಯ ಅಧಿಕಾರಿಯೊಬ್ಬರು ಬಂದು ನೇರ ಅನ್ವರನನ್ನೇ ಕೇಳಿದರು, "ಡ್ರಗ್?"

ಇಂಗ್ಲಿಷಿನಲ್ಲಿ ಅನ್ವರನಿಗೆ ಗೊತ್ತಿದ್ದ ಕೆಲವೇ ಪದಗಳಲ್ಲಿ ಅದೂ ಒಂದು. ನಮ್ಮ ಬೀದಿಯ ಮೆಡಿಕಲ್ ಶಾಪಿನ ಬೋರ್ಡಿನ ಮೇಲೆ ದೊಡ್ಡದಾಗಿ 'ಡ್ರಗ್ ಹೌಸ್' ಎಂದು ಬರೆದಿದೆ. ಅವನ ಮುಖ ಅರಳಿತು. "ಎಸ್, ಎಸ್! ಡ್ರಗ್ ಹೌಸ್! ಚನ್ನಪಟ್ಟಣ!" ಅಂದ. ನಾನು ಕಣ್ಣು ಮುಚ್ಚಿಕೊಂಡೆ. ಅಧಿಕಾರಿ 'ಡ್ರಗ್ ಹೌಸ್, ಚನ್ನಪಟ್ಟಣ' ಎಂದು ಬರೆದುಕೊಂಡರು. ಬೊಂಬೆಗಳ ಊರೆಂದು ಹೆಸರಾಗಿದ್ದ ನಮ್ಮೂರು ಆ ದೇಶದ ಕಡತದಲ್ಲಿ ಏನೆಂದು ಸೇರಿತೋ ಭಗವಂತನೇ ಬಲ್ಲ.

"ಡಾಕ್ಟರ ಚೀಟಿ ಇದೆಯೇ?" ಎಂದು ಕೇಳಿದರು. ನನಗೆ ಜೀವ ಬಂತು. ಅನ್ವರ್ ಜೇಬಿನಿಂದ ಮಡಚಿದ ಚೀಟಿ ತೆಗೆದುಕೊಟ್ಟ. ಡಾಕ್ಟರ ಅಕ್ಷರ ಅಕ್ಷರವಾಗಿರಲಿಲ್ಲ. ಇರುವೆಯೊಂದು ಶಾಯಿಯಲ್ಲಿ ಬಿದ್ದು ಎದ್ದು ಮನೆಗೆ ನಡೆದುಹೋದ ಹಾಗಿತ್ತು. ಅಧಿಕಾರಿ ಅದನ್ನು ನೆಟ್ಟಗೆ ಹಿಡಿದು ನೋಡಿದರು, ಓರೆಯಾಗಿ ಹಿಡಿದು ನೋಡಿದರು, ಕೊನೆಗೆ ತಿರುಗಿಸಿದರು. ಹಿಂಬದಿಯಲ್ಲಿ ಅಜ್ಜಿ ಬೊಂಬೆಯ ನಕ್ಷೆ ಇತ್ತು. ಅನ್ವರನಿಗೆ ಖಾಲಿ ಕಾಗದ ಕಂಡರೆ ಹೊಸ ಬೊಂಬೆ ಹೊಳೆಯುತ್ತದೆ. ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತೇ ಬರೆದಿದ್ದನಂತೆ. ತಲೆ, ಮುಚ್ಚಳ, ಹೊಟ್ಟೆ, ಹೊಟ್ಟೆಯ ಅಗಲ, ಆಳ. ಒಳಗಿನ ಟೊಳ್ಳಿನ ಕಡೆಗೆ ಒಂದು ಬಾಣದ ಗುರುತು.

ನಿರಪರಾಧಿ ಎಂದು ಸಾಬೀತು ಮಾಡುವ ದಾಖಲೆ ಮತ್ತು ಅಪರಾಧದ ಸಂಚಿನ ದಾಖಲೆ ಒಂದೇ ಹಾಳೆಯ ಎರಡು ಮಗ್ಗುಲಲ್ಲಿ ಇದ್ದದ್ದು ಲೋಕದ ಇತಿಹಾಸದಲ್ಲಿ ಅದೇ ಮೊದಲಿರಬೇಕು.

ಇನ್ನು ನನ್ನ ಸರದಿ. ಅಧಿಕಾರಿ ಮಾತ್ರೆ ಎಣಿಸಿದರು. "ಎಷ್ಟು ತಂದಿದ್ದಿರಿ?" ಎಂದರು. ನಾನು ಅದನ್ನೇ ಅನ್ವರನಿಗೆ ಕನ್ನಡದಲ್ಲಿ ಕೇಳಿದೆ. "ಹತ್ತು," ಅಂದ ಅನ್ವರ್. ಹತ್ತು ಅಂತ ಅಧಿಕಾರಿಗೆ ಹೇಳಿದೆ. "ಇಲ್ಲಿ ಒಂಬತ್ತಿದೆ. ಇನ್ನೊಂದು ಎಲ್ಲಿ?"

"ಇನ್ನೊಂದ್ ಎಲ್ಲೋ?" ಅಂತ ಕೇಳಿದೆ.

"ಹೊಟ್ಟೇಲೈತೆ ಕಣ್ಲಾ, ಇನ್ನೆಲ್ಲಿರ್ತದೆ?"

ನಾನು ಅದನ್ನು ಚಾಚೂತಪ್ಪದೆ ಇಂಗ್ಲಿಷಿಗೆ ತಂದೆ. "ಇವರ ಹೊಟ್ಟೆಯಲ್ಲಿದೆ, ಸಾರ್."

ಮಾದಕ ವಸ್ತುವನ್ನು ಹೊಟ್ಟೆಯೊಳಗೆ ಅಡಗಿಸಿ ಸಾಗಿಸುವವರು ಇರುತ್ತಾರೆಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಲಿಲ್ಲ. ಅವರಿಗೆ ಹೊಳೆಯಿತು. ಅನ್ವರನಿಗೆ ಎಕ್ಸ್-ರೇ ತೆಗೆಯಬೇಕು ಎಂದರು. ನೀವು ಹೊರಗೆ ಕೂರಿ ಎಂದರು ನನಗೆ.

ಏಳುವ ಮೊದಲು ಅನ್ವರ್ ಮೊಬೈಲನ್ನು ನನ್ನ ಕೈಗೆ ಕೊಟ್ಟ. ಟೇಬಲ್ಲಿನ ಅಂಚು ಹಿಡಿದು ಎರಡು ಸಲ ಪ್ರಯತ್ನ ಮಾಡಿ ಎದ್ದು ನಿಂತ. ಆಗ ನನ್ನನ್ನು ನೋಡಿ ಹೇಳಿದ: "ಲೇ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮನೇಲಿ ನಾನೇ ತಪ್ಪು ಮಾಡ್ದೆ ಅಂತ ಹೇಳ್ಬುಡು. ನೀನು ಏನಾಗಲ್ಲ ಅಂದಿದ್ದು ಹೇಳ್ಬ್ಯಾಡ. ಶಮೀಮ್ ನಿನ್ನ ನಮ್ಮನೆ ಮೆಟ್ಲು ಹತ್ತುಸಲ್ಲ ಆಮೇಲೆ."

ಬಾಗಿಲು ಮುಚ್ಚಿತು. ನಾನು ಆ ನುಣುಪಾದ ನೆಲ ನೋಡುತ್ತ ಕೂತೆ. ಹೆದರಿಕೆಗೆ ನಾಚಿಕೆ ಸೇರಿದರೆ ಏನಾಗುತ್ತದೆಂದು ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ. ಕೆಂಗಲ್ ಹನುಮಂತರಾಯನಿಗೆ ಹರಕೆ ಹೊತ್ತೆ. ಸಾಲದೆನ್ನಿಸಿ ಕಬ್ಬಾಳಮ್ಮನಿಗೂ ಹೊತ್ತೆ. ಸಂಜೀವಿನಿ ಯಾವುದೆಂದು ಗೊತ್ತಾಗದೆ ಗುಡ್ಡವನ್ನೇ ಕಿತ್ತುಕೊಂಡು ಹಾರಿದ ಹನುಮಂತನಿಗೆ ನಮ್ಮ ಕಷ್ಟ ಅರ್ಥವಾಗುತ್ತದೆ ಎಂಬ ಧೈರ್ಯ. ಅವನೂ ಚೀಟಿಯಿಲ್ಲದೆ, ಡಬ್ಬಿಯಿಲ್ಲದೆ, ಸಮುದ್ರ ದಾಟಿಸಿ ಔಷಧಿ ತಂದವನೇ. ಆಗ ಲಂಕೆಯ ತೀರದಲ್ಲಿ ಕಸ್ಟಮ್ಸ್ ಇರಲಿಲ್ಲ, ರಾಮಾಯಣ ಮುಂದುವರಿಯಿತು.

ಅಲ್ಲಿ ಕೂತೇ ನಾನು ಮೊಬೈಲಿನಲ್ಲಿ ಆ ದೇಶದ ನಿಯಮಗಳನ್ನು ಓದಿದೆ. ಪರೀಕ್ಷೆ ಮುಗಿದ ಮೇಲೆ ಪಠ್ಯಪುಸ್ತಕ ತೆರೆಯುವ ನನ್ನ ವಿದ್ಯಾರ್ಥಿಗಳನ್ನು ಇನ್ನು ಬೈಯುವ ಹಾಗಿಲ್ಲ. ಕಷ್ಟದ್ದೇನೂ ಇರಲಿಲ್ಲ. ನೋವಿನ ಕೆಲವು ಮಾತ್ರೆ, ನಿದ್ದೆಯದು, ಗಾಬರಿಗೆ ಕೊಡುವುದು, ಕೆಲವು ಕೆಮ್ಮಿನ ಸಿರಪ್ಪು, ಇವುಗಳ ಮೇಲೆ ಕಟ್ಟುನಿಟ್ಟು. ತರಬೇಕೆಂದರೆ ಹೊರಡುವ ಮುಂಚೆಯೇ ಅಲ್ಲಿಯ ಆರೋಗ್ಯ ಇಲಾಖೆಯ ಅಪ್ಪಣೆ ಪಡೆಯಬೇಕು. ಡಾಕ್ಟರ ಪತ್ರ ಬೇಕು, ಅದರಲ್ಲಿ ಪಾಸ್‌ಪೋರ್ಟಿನಲ್ಲಿರುವ ಹೆಸರೇ ಇರಬೇಕು. ಮಾತ್ರೆ ಕಂಪನಿಯ ಪೊಟ್ಟಣದಲ್ಲೇ ಇರಬೇಕು, ಇರುವಷ್ಟು ದಿನಕ್ಕೆ ಬೇಕಾದಷ್ಟೇ ಇರಬೇಕು. ಇನ್ನೂ ಹುಡುಕಿದರೆ, ಒಂದು ದೇಶದಲ್ಲಿ ಚೀಟಿ ಸಾಕು, ಇನ್ನೊಂದರಲ್ಲಿ ಚೀಟಿ ಇದ್ದರೂ ಬಿಡುವುದಿಲ್ಲ. ನಡುವೆ ವಿಮಾನ ಬದಲಾಯಿಸುವ ದೇಶದ್ದೂ ಒಂದು ಕಾನೂನು. ನಮ್ಮ ಬೀದಿಯಲ್ಲಿ 'ಬೆನ್ನಿಂದು' ಆಗಿದ್ದದ್ದು ಸಮುದ್ರ ದಾಟುವಷ್ಟರಲ್ಲಿ ಬೇರೆಯೇ ಆಗಿಬಿಟ್ಟಿರುತ್ತದೆ.

ಇದರಲ್ಲಿ ಆಶ್ಚರ್ಯಪಡುವುದೇನೂ ಇಲ್ಲ, ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು. 'ಮದ್ದು' ಎಂಬ ಪದವನ್ನೇ ನೋಡಿ. ಜ್ವರಕ್ಕೆ ಕೊಡುವುದೂ ಮದ್ದು, ಬಂದೂಕಿಗೆ ತುಂಬುವುದೂ ಮದ್ದು, ಆಗದವರ ಊಟದಲ್ಲಿ ಗುಟ್ಟಾಗಿ ಇಕ್ಕುವುದೂ ಮದ್ದು. ಪಕ್ಕದ ಮದ್ದೂರಿಗೆ ಆ ಹೆಸರು ಬಂದದ್ದು ಬಂದೂಕಿನ ಮದ್ದಿನಿಂದ ಎನ್ನುವವರಿದ್ದಾರೆ. ನಾವು ಅಲ್ಲಿ ವಡೆ ತಿಂದು ಸುಮ್ಮನೆ ಬರುತ್ತೇವೆ. ಪದಾರ್ಥ ಒಂದೇ, ಯಾರ ಕೈಯಲ್ಲಿದೆ, ಯಾಕಿದೆ ಎಂಬುದರ ಮೇಲೆ ಹೆಸರಿನ ಅರ್ಥ ತಿರುಗುತ್ತದೆ. ಯಾಕಿದೆ ಎಂಬುದನ್ನು ಗುರುತಿಲ್ಲದವರಿಗೆ ಹೇಳಬಲ್ಲದ್ದು ಒಂದು ಕಾಗದ ಮಾತ್ರ. ಅದರ ಹಿಂದೆ ಬೊಂಬೆಯ ಚಿತ್ರ ಇರಬಾರದು, ಅಷ್ಟೆ.

ಎರಡು ಗಂಟೆ ಕಳೆದು ಬಾಗಿಲು ತೆರೆಯಿತು. ವಿಮಾನ ನಿಲ್ದಾಣದ ಡಾಕ್ಟರು ಹೊರಗೆ ಬಂದರು. ನಡು ವಯಸ್ಸಿನ ಹೆಂಗಸು, ಕೈಯಲ್ಲಿ ಎಕ್ಸ್-ರೇ. ಹೊಟ್ಟೆಯಲ್ಲಿ ಅವರಿಗೆ ಏನೂ ಸಿಕ್ಕಿರಲಿಲ್ಲ. ಆದರೆ ಹೊಟ್ಟೆಯ ಚಿತ್ರ ತೆಗೆದರೆ ಅದರ ಹಿಂದಿನ ಬೆನ್ನೂ ಬೀಳುತ್ತದಲ್ಲ. ಅವರು ಅದನ್ನು ಬೆಳಕಿಗೆ ಹಿಡಿದು ಹಿರಿಯ ಅಧಿಕಾರಿಗೆ ತೋರಿಸಿದರು. ಅನ್ವರನ ಬೆನ್ನುಮೂಳೆಯ ಕೆಳಗಿನ ಬಿಲ್ಲೆಗಳು ಒಂದರ ಮೇಲೊಂದು ಕುಸಿದು, ಮಳೆಗೆ ವಾಲಿದ ಇಟ್ಟಿಗೆ ಗೂಡಿನ ಹಾಗಿದ್ದವು. "ಈ ಮನುಷ್ಯ ಇಲ್ಲಿಯವರೆಗೆ ನಡೆದುಕೊಂಡು ಬಂದದ್ದೇ ಹೆಚ್ಚು," ಅಂದರು ಡಾಕ್ಟರು.

ನನ್ನ ಅನುವಾದ ಅವನನ್ನು ಸಿಕ್ಕಿಸಿತು. ಅದೇ ಅನುವಾದ ಎಕ್ಸ್-ರೇ ತೆಗೆಸಿ ಅವನನ್ನು ಬಿಡಿಸಿತು. ಇದನ್ನು ನನ್ನ ಲೆಕ್ಕಕ್ಕೆ ಬರೆದುಕೊಳ್ಳಬೇಕೆಂದು ಮನಸ್ಸಾಗುತ್ತದೆ, ಆದರೆ ನಾಚಿಕೆ ಬಿಡುವುದಿಲ್ಲ.

ಅಷ್ಟರಲ್ಲಿ ಉರ್ದು ಬಲ್ಲ ಒಬ್ಬ ಸಿಬ್ಬಂದಿ ಬಂದ. ಅನ್ವರನ ಮನೆಮಾತು ಉರ್ದು! ಇಬ್ಬರೂ ಎರಡು ನಿಮಿಷ ಮಾತಾಡಿದರು. ನಾನು ಅರ್ಧ ಗಂಟೆ ಇಂಗ್ಲಿಷಿನಲ್ಲಿ ಕಟ್ಟಿದ್ದ ಗಂಟನ್ನೆಲ್ಲ ಆ ಎರಡು ನಿಮಿಷ ಬಿಚ್ಚಿತು. ಊರಿನ ಡಾಕ್ಟರಿಗೆ ಫೋನು ಹೋಯಿತು. ಅವರು ಗಾಬರಿಯಲ್ಲಿ, ಜೀವಮಾನದಲ್ಲಿ ಮೊದಲ ಸಲ, ಓದಲು ಬರುವ ಹಾಗೆ ಒಂದು ಪತ್ರ ಟೈಪ್ ಮಾಡಿಸಿ ಕಳಿಸಿದರು. ಮಾತ್ರೆಗಳನ್ನು ವಶಕ್ಕೆ ತೆಗೆದುಕೊಂಡು, ಎಲ್ಲೆಲ್ಲೋ ಸಹಿ ಹಾಕಿಸಿಕೊಂಡು, ಗಟ್ಟಿಯಾಗಿ ಎಚ್ಚರಿಕೆ ಕೊಟ್ಟು ಬಿಟ್ಟರು. ಎಲ್ಲರನ್ನೂ ಹೀಗೆ ಬಿಡುವುದಿಲ್ಲ, ವರ್ಷಗಟ್ಟಲೆ ಒಳಗಿರುವವರಿದ್ದಾರೆ ಎಂದೂ ಹೇಳಿದರು. ಅದನ್ನು ಮಾತ್ರ ನಾನು ಅನ್ವರನಿಗೆ ಅನುವಾದಿಸಲಿಲ್ಲ.

ಹೊರಡುವಾಗ ಅನ್ವರ್ ಶೂ ಹಾಕಿಕೊಳ್ಳಬೇಕಿತ್ತು. ಬಗ್ಗಲು ಆಗಲಿಲ್ಲ. ಮೊದಲು ಗುಂಡಿ ಒತ್ತಿದ್ದ ಆ ಎಳೆಯ ಅಧಿಕಾರಿಯೇ ಮೊಣಕಾಲೂರಿ ಅವನ ಲೇಸು ಕಟ್ಟಿದ. ಅನ್ವರ್ ಖಾಲಿಯಾಗಿದ್ದ ಆರನೆಯ ಅಜ್ಜಿಯನ್ನು ಅವನ ಮುಂದೆ ಹಿಡಿದ. ಅವನು ನಕ್ಕು, ಬೇಡ, ಕೆಲಸದ ಮೇಲಿರುವಾಗ ತೆಗೆದುಕೊಳ್ಳುವ ಹಾಗಿಲ್ಲ ಅಂದ. ಎಲ್ಲದಕ್ಕೂ ಅಲ್ಲಿ ಕಾನೂನು.

ಐದು ದಿನವೂ ಅನ್ವರ್ ನಿಂತುಕೊಂಡೇ ಬೊಂಬೆ ತೋರಿಸಿದ. ಆ ಡಾಕ್ಟರಮ್ಮ ಬರೆದುಕೊಟ್ಟ ಸಾಧಾರಣ ಮಾತ್ರೆಗೆ ಅವನ ನೋವು ಜಗ್ಗಲಿಲ್ಲ. ನಾನು ಪಕ್ಕದಲ್ಲಿ ನಿಂತು, ಗಿರಾಕಿಗಳು ಗಿಲಕಿ ಎತ್ತಿದಾಗಲೆಲ್ಲ ಕೈ ಎತ್ತಿದೆ. ಅದನ್ನು ಬೊಂಬೆ ನಾಡಿನ ನಮಸ್ಕಾರ ಎಂದುಕೊಂಡು ಕೆಲವರು ತಾವೂ ಕೈ ಎತ್ತಿದರು.

ಊರಿಗೆ ಬಂದ ಮೇಲೆ ಅನ್ವರ್ ಆಡಿದ ಮಾತಿಗೆ ತಪ್ಪಲಿಲ್ಲ. ಶಮೀಮ್‌ಗೆ ಗೊತ್ತಿರುವುದು ಇಷ್ಟೇ: ಇವರು ಪೆದ್ದುತನ ಮಾಡಿ ಸಿಕ್ಕಿಹಾಕಿಕೊಂಡರು, ಮೇಷ್ಟ್ರಣ್ಣ ಇಂಗ್ಲಿಷ್ ಮಾತಾಡಿ ಬಿಡಿಸಿಕೊಂಡು ಬಂದರು. ಅಂದಿನಿಂದ ಆ ಮನೆಯಲ್ಲಿ ಬಿರಿಯಾನಿಯಾದ ದಿನ ನನ್ನ ಪಾಲು ಮೊದಲು ತೆಗೆದಿಡುತ್ತಾರೆ. ತಿನ್ನುವಾಗ ಅನ್ವರ್ ಎದುರಿಗೆ ಕೂತು ನನ್ನ ತಟ್ಟೆಯನ್ನೇ ನೋಡುತ್ತಾನೆ. ಅಷ್ಟು ರುಚಿಯಾದ ಶಿಕ್ಷೆಯನ್ನು ಯಾವ ದೇಶದ ಕಾನೂನೂ ಕೊಟ್ಟಿರಲಾರದು. ಈ ಬರಹ ಶಮೀಮ್ ಓದಿದರೆ ಅದೂ ನಿಲ್ಲುತ್ತದೆ. ನಿಲ್ಲಲಿ. ಎಷ್ಟು ದಿನ ಅಂತ ತಿನ್ನುವುದು.

ಮೊನ್ನೆ ಅನ್ವರ್ ಬಂದ. ಅದೇ ಪ್ರದರ್ಶನಕ್ಕೆ ಮತ್ತೆ ಕರೆ ಬಂದಿದೆಯಂತೆ. ಕೂರಲಾಗದೆ ಕಂಬಕ್ಕೆ ಒರಗಿ ನಿಂತು, "ಮಾತ್ರೆ ತಗಂಡೋಗ್ಬೋದೇನ್ಲಾ?" ಅಂದ. ಹಳೆಯ ಶಾಸ್ತ್ರ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. "ಒಸಿ ತಡಿ," ಅಂದೆ. "ನೋಡಿ ಹೇಳ್ತೀನಿ."

ಅವನು ಜೇಬಿನಿಂದ ಒಂದು ಅಜ್ಜಿ ಬೊಂಬೆ ತೆಗೆದು ನನ್ನ ಮುಂದಿಟ್ಟ. ಆಡಿಸಿ ನೋಡಿದೆ, ಸದ್ದಿಲ್ಲ. ಕೈಗಳೂ ಸುಮ್ಮನಿದ್ದವು. ತಲೆ ತಿರುಗಿಸಿದೆ. ಹೊಟ್ಟೆಯೊಳಗೆ ಸಣ್ಣಗೆ ಸುರುಳಿ ಸುತ್ತಿದ ಕಾಗದಗಳು. ಟೈಪ್ ಮಾಡಿದ ಡಾಕ್ಟರ ಪತ್ರ, ಪಾಸ್‌ಪೋರ್ಟಿನಲ್ಲಿರುವ ಹೆಸರೇ. ಆ ದೇಶದ ಆರೋಗ್ಯ ಇಲಾಖೆಯ ಅಪ್ಪಣೆ, ಮೊಹರಿನ ಸಮೇತ. ಎರಡನ್ನೂ ತಿರುಗಿಸಿ ಹಿಂಬದಿ ನೋಡಿದೆ. ಖಾಲಿ.

"ನೀನು ನೋಡಿ ಹೇಳೋ ಹೊತ್ಗೆ ನನ್ ಬೆನ್ನು ಮುರ್ದೋಯ್ತದೆ ಅಂತ ನಾನೇ ನೋಡ್ದೆ," ಅಂದ ಅನ್ವರ್. "ಮಾತ್ರೆ ಪೊಟ್ಟಣದಲ್ಲೇ ಅವೆ. ಇದು ನಿಂಗೆ ತೋರ್ಸಕ್ಕೆ ಬೊಂಬೇಲಿ ಹಾಕ್ಕಂಡ್ ಬಂದೆ ಅಷ್ಟೆ. ನೀನೂ ಬಾ ಜೊತೇಲಿ. ಆದ್ರೆ ಒಂದೇ ಮಾತು."

"ಏನ್ಲಾ?"

"ಅಲ್ಲಿ ಬಾಯಿ ಬುಡ್ಬ್ಯಾಡ."

ಹೂಂ ಅನ್ನಲು ಹೋದೆ. ಅದೂ ಹೆಚ್ಚಾದೀತೆನ್ನಿಸಿ ಸುಮ್ಮನೆ ತಲೆಯಾಡಿಸಿದೆ. ತಲೆಯಾಡಿಸುವ ಬೊಂಬೆ ನಮ್ಮೂರಲ್ಲಿ ಹಿಂದಿನಿಂದಲೂ ಮಾಡುತ್ತಾರೆ. ಅದನ್ನು ಯಾವ ಕಸ್ಟಮ್ಸಿನವರೂ ಈವರೆಗೆ ತಡೆದದ್ದಿಲ್ಲ.